ಗೋವಿಂದಮ್ಮನಿಗೊಂದು ನೀರಿನ ಬೂಟು

ಕಾವೇರಿಯಲ್ಲಿ ಇನ್ನೊಂದು ಸಲ ಈಜಬೇಕು ಎಂದು ಗೋವಿಂದಮ್ಮ ಹೇಳಿದಾಗ ಮಗಳು ಕಲ್ಯಾಣಿಗೆ ಸಿಟ್ಟು ಬರಲಿಲ್ಲ, ಆಕಳಿಕೆ ಬಂತು. ಸಿಟ್ಟು ಮಾಡಿಕೊಳ್ಳುವುದಕ್ಕೂ ಸ್ವಲ್ಪ ತ್ರಾಣ ಬೇಕಲ್ಲ. ಜಯನಗರದ ಶಾಲೆಯೊಂದರ ಆಫೀಸಿನಲ್ಲಿ ಇಡೀ ದಿನ ಅಡ್ಮಿಷನ್ನಿಗೆ ಬಂದ ಅಪ್ಪ ಅಮ್ಮಂದಿರ ಬಾಯಿಗೆ ಸಿಕ್ಕಿ, ಬಸ್ಸಿನಲ್ಲಿ ನೇತಾಡಿಕೊಂಡು ತಿಲಕ್ ನಗರದ ಮನೆ ಸೇರಿದ್ದಳು. ಈಗ ಮಣೆಯ ಮೇಲೆ ಕೂತು, ಅಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಳು. ಈ ಒಂದು ಕೆಲಸಕ್ಕೆ ಭಾನುವಾರದ ರಜೆಯೂ ಇರಲಿಲ್ಲ.

"ಸಂಕ್ರಾಂತಿ ಕಳದ್ಮೇಲೆ ನಮ್ಮೋರೆಲ್ಲ ಗಂಗೆ ಪೂಜೆಗೆ ಹೊಂಟವ್ರೆ. ನಾನೂ ಬತ್ತೀನಿ ಅಂದಿವ್ನಿ," ಎಂದಳು ಗೋವಿಂದಮ್ಮ.

"ಹೋಗಿ ದಡದಲ್ಲಿ ಕೂತಿರ್ತೀಯಾ?"

"ಕೂತ್ಕೊಳೋಕೆ ಅಷ್ಟು ದೂರ ಯಾಕೋಗ್ಬೇಕು? ತೆಪ್ಪ ಹತ್ತಬೇಕು. ಒಂದ್ ಕಿತ ಈಜ್ಬೇಕು. ಆಮೇಲೆ ನೀನ್ ಎಲ್ಲಿ ಕೂರ್ಸಿದ್ರೆ ಅಲ್ಲಿ ಕೂತಿರ್ತೀನಿ."

ಗೋವಿಂದಮ್ಮ ಬೆಸ್ತರ ಮನೆಯವಳು. ಅವಳ ಅಪ್ಪನಿಗೆ ಊರ ಕೆರೆಯಲ್ಲಿ ಸ್ವಂತ ತೆಪ್ಪವಿತ್ತು. ನಡೆಯುವ ಮೊದಲೇ ಈಜು ಕಲಿತವಳು ಎಂದು ನೆಂಟರು ಹೇಳುವುದರಲ್ಲಿ ಅರ್ಧವಾದರೂ ನಿಜವಿರಬೇಕು. ಆಮೇಲೆ ಆ ಊರನ್ನು ಬೆಂಗಳೂರು ನುಂಗಿತು, ಕೆರೆಯ ಮೇಲೆ ಸೈಟುಗಳಾದವು, ಅವುಗಳಿಗೆ ಲೇಕ್ ವ್ಯೂ ಎಂದು ಹೆಸರೂ ಇಟ್ಟರು. ಗಂಗೆ ಪೂಜೆ ಮಾಡಲು ಊರಲ್ಲಿ ನೀರಿಲ್ಲದಂತಾಗಿ, ಅವರ ಮನೆತನದವರು ವರ್ಷಕ್ಕೊಮ್ಮೆ ವ್ಯಾನು ಮಾಡಿಕೊಂಡು ಕನಕಪುರದ ಆಚೆ ಕಾವೇರಿ ದಂಡೆಗೆ ಹೋಗುವುದು ರೂಢಿಯಾಯಿತು. ಗೋವಿಂದಮ್ಮ ಹೋಗದೆ ಕೆಲವು ವರ್ಷಗಳಾಗಿದ್ದವು.

ಅದಕ್ಕೆ ಕಾರಣ ಅವಳ ಕಾಲು. ಸಕ್ಕರೆ ಕಾಯಿಲೆ ಅವಳ ಪಾದಗಳಿಂದ ಸ್ಪರ್ಶವನ್ನೇ ಕಿತ್ತುಕೊಂಡಿತ್ತು. ಒಂದು ಸಲ ಚಪ್ಪಲಿಯೊಳಗೆ ಸೇರಿದ್ದ ಜಲ್ಲಿಕಲ್ಲಿನ ಮೇಲೆಯೇ ಬೆಳಗಿನಿಂದ ಸಂಜೆಯವರೆಗೆ ನಡೆದಾಡಿ, ಎಡಗಾಲಿನ ಕಿರುಬೆರಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದಳು. ಡಾಕ್ಟರ್ ಅನಂತರಾಮು ಅವತ್ತು ಮುಲಾಜಿಲ್ಲದೆ ಹೇಳಿದ್ದರು: "ಇನ್ನೊಂದು ಗಾಯ ಆದ್ರೆ ಬೆರಳಿಗೆ ನಿಲ್ಲಲ್ಲ, ಕಾಲೇ ಹೋಗಬಹುದು." ಆ ಮಾತನ್ನು ಗೋವಿಂದಮ್ಮ ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತಳು. ಕಲ್ಯಾಣಿ ಮರೆಯಲಿಲ್ಲ. ಅಮ್ಮನ ಕಾಲು ಅಂದಿನಿಂದ ಅವಳ ಕಾಲಾಯಿತು. ಜೆ.ಪಿ. ನಗರದಲ್ಲಿದ್ದ ಅಣ್ಣ ವೇಣು ಭಾನುವಾರ ಫೋನ್ ಮಾಡಿ, "ಅಮ್ಮನ ಕಾಲು ಸರಿಯಾಗಿ ನೋಡ್ಕೋತಿದೀಯಾ ತಾನೆ?" ಎಂದು ಕೇಳುತ್ತಿದ್ದ. ನೀನು ಹೇಗಿದ್ದೀಯ ಎಂದು ಕೇಳುವುದು ಅವನಿಗೆ ತೋಚುತ್ತಿರಲಿಲ್ಲ. ಕೆಟ್ಟವನಲ್ಲ, ಅಷ್ಟೆ. ಒಮ್ಮೆಯಾದರೂ ಅವನು ಕೇಳಲಿ ಎಂದು ಕಲ್ಯಾಣಿ ಫೋನಿನ ಪಕ್ಕ ಒಂದು ಕ್ಷಣ ಹೆಚ್ಚೇ ನಿಲ್ಲುತ್ತಿದ್ದಳು.

ಡಾಕ್ಟರಾದರೂ ಬೇಡ ಎನ್ನಲಿ ಎಂಬ ಆಸೆಯಿಂದ ಅವಳು ಅಮ್ಮನನ್ನು ಕರೆದುಕೊಂಡು ಹೋದಳು. ಅವರು ಪಾದಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಚರ್ಮ ಎಲ್ಲೂ ಬಿರಿದಿಲ್ಲ ಎಂದರು. ಬೇಡ ಎಂದರೆ ಕೇಳುತ್ತಾರಾ ಎಂದು ಕಲ್ಯಾಣಿಯನ್ನು ಕೇಳಿದರು. ಕೇಳುವುದಿಲ್ಲ ಎಂದಳು.

"ಹಾಗಾದ್ರೆ ಬರಿಗಾಲಲ್ಲಿ ಒಂದ್ ಹೆಜ್ಜೆನೂ ಇಡಬಾರ್ದು. ನೀರೊಳಗೂ ಅಷ್ಟೆ, ದಡದಲ್ಲೂ ಅಷ್ಟೆ. ನೀರಿಗೆ ಅಂತಾನೇ ತೆಳ್ಳಗಿನ ಶೂ ಬರುತ್ತಂತೆ, ನಾನು ನೋಡಿಲ್ಲ. ಬೆರಳು ಮುಚ್ಚಿರ್ಬೇಕು, ಒಳಗಡೆ ಹೊಲಿಗೆ ಒತ್ತಬಾರ್ದು, ನೀರು ನಿಲ್ಲಬಾರ್ದು. ಸಿಕ್ಕಿದ್ರೆ ಹೋಗ್ಬನ್ನಿ, ಸಿಗದಿದ್ರೆ ಮನೇಲಿರಿ."

ಸಿಗುವುದಿಲ್ಲ ಎಂಬ ಧೈರ್ಯದಲ್ಲಿ ಕಲ್ಯಾಣಿ ಹುಡುಕಲು ಹೊರಟಳು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ನೀರಿಗೆ ಹಾಕುವ ಶೂ ಎಂದು ಕೇಳಿದ್ದಕ್ಕೆ ಮೊದಲ ಅಂಗಡಿಯವನು ಮೊಣಕಾಲಿನವರೆಗೆ ಬರುವ ಕಪ್ಪು ಗಂಬೂಟು ತಂದಿಟ್ಟ. ಈಜುವುದಕ್ಕೆ ಎಂದಾಗ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಈಜುವವರು ಯಾರಾದರೂ ಶೂ ಹಾಕುತ್ತಾರಾ ಮೇಡಂ ಎಂದು ಕೇಳಿದ. ನ್ಯಾಯವಾದ ಪ್ರಶ್ನೆಯೇ. ಎರಡನೆಯವನು ಮಳೆಗಾಲದ ಪ್ಲಾಸ್ಟಿಕ್ ಶೂ ತೋರಿಸಿದ. ಕೈ ಹಾಕಿ ನೋಡಿದರೆ ಹಿಮ್ಮಡಿಯ ಅಂಚು ಚಾಕುವಿನ ಹಾಗೆ ತಾಗಿತು. ಪಟ್ಟಿ ಪಟ್ಟಿಯ ಸ್ಯಾಂಡಲ್‌ಗಳಲ್ಲಿ ಬೆರಳು ಹೊರಗೆ. ಕ್ಯಾನ್ವಾಸ್ ಶೂ ಒದ್ದೆಯಾದರೆ ಸಂಜೆಯವರೆಗೆ ಒಣಗುವುದಿಲ್ಲ, ಅದರೊಳಗೆ ಅಮ್ಮನ ಕಾಲು ನೆನೆದು ಹಿಟ್ಟಾಗುತ್ತದೆ. ಆಫೀಸು ಮುಗಿಸಿ ದಿನಕ್ಕೊಂದು ಸಾಲಿನ ಅಂಗಡಿಗಳನ್ನು ಸುತ್ತಿ, ಕಲ್ಯಾಣಿಗೆ ತನ್ನ ಕಾಲೇ ತನ್ನದಲ್ಲ ಅನ್ನಿಸತೊಡಗಿತು.

ಮನೆಗೆ ಬಂದರೆ ಇನ್ನೊಂದು ತಕರಾರು ಕಾದಿತ್ತು.

"ಗಂಗಮ್ಮನ ಮೈಮೇಲೆ ಚಪ್ಪಲಿ ಕಾಲಿಡಾಕಾಯ್ತದಾ? ತೆಪ್ಪ ಅಂದ್ರೆ ದೇವ್ರು ಕಣೆ ನಮ್ಗೆ. ನಮ್ಮಪ್ಪ ತೆಪ್ಪಕ್ಕೆ ಕೈ ಮುಗಿದೇ ಹತ್ತುತಿದ್ದ."

"ಹಂಗಾದ್ರೆ ಹೋಗೋದು ಬೇಡ."

"ಹೋಗೋದೇ. ಹಾಕ್ಕೊಂಡ್ರೂ ಹಾಕ್ಕೊಂಡಂಗಿರ್ಬಾರ್ದು, ಅಂಥದ್ದು ತಗಂಬಾ."

ಇಂಥ ಬೇಡಿಕೆಯನ್ನು ಯಾವ ಅಂಗಡಿಯವನ ಮುಂದೆ ಇಡುವುದು? ಆದರೆ ಅಚ್ಚರಿ ಎಂದರೆ, ಅದೇ ಮಾತನ್ನು ಆಡುವ ಅಂಗಡಿಯವನೊಬ್ಬ ಸಿಕ್ಕೇ ಸಿಕ್ಕಿದ. ಬನಶಂಕರಿಯಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ಟೆಂಟು, ಹಗ್ಗ, ಲೈಫ್ ಜಾಕೆಟ್ಟು ಮಾರುತ್ತಿದ್ದ ಅನಂತಪದ್ಮನಾಭ. ಉತ್ಸಾಹಿ ಮನುಷ್ಯ. ಗಿರಾಕಿ ಕಂಡು ಬಹಳ ದಿನವಾದವರ ಉತ್ಸಾಹ ಅದು. ಏನು ಬೇಕೆಂದು ಕಲ್ಯಾಣಿ ಮೊದಲೇ ಫೋನಿನಲ್ಲಿ ಹೇಳಿದ್ದರಿಂದ, ಅವಳು ಅಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬರುವಷ್ಟರಲ್ಲಿ ಮೂರು ಬಗೆಯ ಜೋಡಿಗಳನ್ನು ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದ.

"ಇದು ನೋಡಿ ಮೇಡಂ, ತುಂಬಾ ಲೈಟು. ಮೇಲೆ ಬರೀ ಬಟ್ಟೆ, ಕೆಳಗೆ ತೆಳ್ಳಗೆ ರಬ್ಬರ್. ಹಾಕ್ಕೊಂಡಿದೀವಿ ಅಂತಾನೇ ಗೊತ್ತಾಗಲ್ಲ."

"ನಮ್ಮಮ್ಮನಿಗೆ ಯಾವ್ದು ಹಾಕ್ಕೊಂಡ್ರೂ ಗೊತ್ತಾಗಲ್ಲ ಸಾರ್," ಎಂದಳು ಕಲ್ಯಾಣಿ. ಅವನು ನಕ್ಕ. ಅವಳು ನಗದಿದ್ದುದನ್ನು ನೋಡಿ ನಿಲ್ಲಿಸಿದ.

ದಪ್ಪ ಅಟ್ಟೆಯ ಜೋಡಿ ಗಟ್ಟಿಯಾಗಿತ್ತು, ಮುಳ್ಳು ಗಾಜು ಯಾವುದಕ್ಕೂ ಜಗ್ಗುವಂತಿರಲಿಲ್ಲ. ಅದನ್ನು ಹಾಕಿಕೊಂಡು ಗೋವಿಂದಮ್ಮ ಅಂಗಡಿಯೊಳಗೆ ನಾಲ್ಕು ಹೆಜ್ಜೆ ನಡೆದು ಟೆಂಟಿನ ಮೇಲೆ ಮುಗ್ಗರಿಸಿದಳು. ಅಡಿಯಲ್ಲಿ ಏನೂ ತಿಳಿಯದ ಕಾಲಿಗೆ ಆ ದಪ್ಪ ಇನ್ನೊಂದು ಮರದ ಹಲಗೆ ಕಟ್ಟಿದಂತೆ. ಕಾಲ್ಚೀಲದಷ್ಟೇ ತೆಳುವಾದದ್ದು ಅವಳಿಗೆ ಬಹಳ ಹಿಡಿಸಿತು. ಅದರಲ್ಲಿ ಸಲೀಸಾಗಿ ನಡೆದಳು. ಕಲ್ಯಾಣಿ ಪರ್ಸಿನಿಂದ ಆಫೀಸಿನ ಡ್ರಾಯಿಂಗ್ ಪಿನ್ನು ತೆಗೆದು ಅದರ ಅಡಿಗೆ ಒತ್ತಿದಳು. ಮೊನೆ ಒಳಗೆ ಇಣುಕಿತು. ಅನಂತಪದ್ಮನಾಭನ ಮುಖದಲ್ಲಿದ್ದ ಉತ್ಸಾಹ ಅಲ್ಲಿಗೆ ಅರ್ಧವಾಯಿತು. ನಡುವಿನ ಜೋಡಿಗೂ ಪಿನ್ನು ಒತ್ತಿದಳು. ಒಳಗೆ ಬರಲಿಲ್ಲ. ಎರಡು ಕೈಯಲ್ಲಿ ಹಿಡಿದು ಮಡಚಿದರೆ ಚಪಾತಿಯ ಹಾಗೆ ಸುಲಭವಾಗಿ ಮಡಚಿಕೊಂಡಿತು. ಪಕ್ಕದಲ್ಲಿ ನೀರು ಸೋರಿ ಹೋಗಲು ಸಣ್ಣ ತೂತುಗಳಿದ್ದವು, ಒಳಗೆ ಬೆರಳಾಡಿಸಿದರೆ ಎಲ್ಲೂ ಹೊಲಿಗೆ ತಾಗಲಿಲ್ಲ. ಸಿಗುವುದಿಲ್ಲ ಎಂದುಕೊಂಡಿದ್ದು ಸಿಕ್ಕಿಬಿಟ್ಟಿತ್ತು, ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

ಅಳತೆಯದು ಬೇರೆ ರಾಮಾಯಣ. ಬಿಗಿಯಾಗಿ ಹಿಂಡುವ ಸೈಜು ಹಾಕಿದಾಗ ಮಾತ್ರ ಗೋವಿಂದಮ್ಮ, "ಹಾಂ, ಇದು ಸರಿಗೈತೆ" ಎಂದಳು. ಕಲ್ಯಾಣಿಗೆ ಗೊತ್ತಿತ್ತು, ಹಿಂಡಿದರೆ ಮಾತ್ರ ಅಮ್ಮನಿಗೆ ಏನೋ ಹಾಕಿಕೊಂಡಿರುವುದು ಅರಿವಾಗುತ್ತದೆ. ಅದಕ್ಕೇ ಒಂದು ಸೈಜು ದೊಡ್ಡದೇ ಇರಲಿ ಎಂದಳು. ಚಿಕ್ಕಂದಿನಲ್ಲಿ ಸ್ಕೂಲ್ ಶೂಗಳನ್ನು ಅಮ್ಮನೇ ಹಾಗೆ ತೆಗೆದುಕೊಡುತ್ತಿದ್ದಳು, ಮುಂದೆ ಹತ್ತಿ ತುರುಕಿ ಎರಡು ವರ್ಷ ತಳ್ಳುವ ಲೆಕ್ಕದಲ್ಲಿ. ಮನೆಗೆ ತಂದು ಬಚ್ಚಲಿನ ದೊಡ್ಡ ಟಬ್ಬಿನಲ್ಲಿ ಅಮ್ಮನನ್ನು ನಿಲ್ಲಿಸಿದಾಗ ಅದರೊಳಗೆ ನೀರು ತುಂಬಿ ಪೂರಿಯಂತೆ ಉಬ್ಬಿತು. ಕಾಲೆತ್ತಿದರೆ ಬೂಟು ಟಬ್ಬಿನಲ್ಲೇ ಉಳಿಯಿತು. ಇಬ್ಬರೂ ಅದನ್ನು ನೋಡಿ ನಕ್ಕರು. ಆ ಮನೆಯಲ್ಲಿ ಹಾಗೆ ನಕ್ಕು ಬಹಳ ದಿನವಾಗಿತ್ತು.

ಮರುದಿನ ಅಮ್ಮನ ಪಾದವನ್ನು ಪೇಪರಿನ ಮೇಲೆ ಇರಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಕತ್ತರಿಸಿಕೊಂಡು ಬನಶಂಕರಿಗೆ ಹೋದಳು. ಆ ಕಾಗದ ಎಲ್ಲೂ ಮುದುಡದೆ, ಎಲ್ಲೂ ಅಲುಗದೆ ಕೂರುವ ಜೋಡಿಯನ್ನು ಬದಲಾಯಿಸಿಕೊಂಡು ಬಂದಳು. ಸಿಕ್ಕಿದ್ದು ಕಿತ್ತಳೆ ಬಣ್ಣದ್ದು. ಗೋವಿಂದಮ್ಮ ಅದನ್ನು ನೋಡಿ, ಈ ವಯಸ್ಸಿನಲ್ಲಿ ತನಗೆ ಸರ್ಕಸ್ಸಿನ ವೇಷ ಎಂದಳು. ದೇವರ ವಿಷಯವನ್ನು ಅವಳ ತಮ್ಮ ಉಗ್ರಪ್ಪ ಫೋನಿನಲ್ಲಿ ಬಗೆಹರಿಸಿದ. ಮನೆತನದ ಪೂಜೆ ನಡೆಸುವವನು ಅವನೇ ಆದ್ದರಿಂದ ಅವನ ಮಾತಿಗೆ ತೂಕವಿತ್ತು. "ಕಾಲಿಗೆ ಪಟ್ಟಿ ಕಟ್ಕಂಡಂಗೆ ಅಂತ ತಿಳ್ಕೊ ಅಕ್ಕ. ಹುಷಾರಿಲ್ದೋರ್ಗೆ ಗಂಗಮ್ಮ ಏನೂ ಅನ್ನಲ್ಲ."

ಹೋಗುವ ದಿನ ಕಲ್ಯಾಣಿ ಕೋಳಿ ಕೂಗುವ ಮೊದಲೇ ಎದ್ದು ಚಿತ್ರಾನ್ನ, ಮೊಸರನ್ನ ಕಟ್ಟಿ, ಅಮ್ಮನಿಗೆ ಇನ್ಸುಲಿನ್ ಚುಚ್ಚಿ, ಬೂಟು ತೊಡಿಸಿ, ವ್ಯಾನು ಹತ್ತಿಸಿದಳು. ಹಿಂದಿನ ವಾರವೆಲ್ಲ ಆಫೀಸಿನಲ್ಲಿ ಸರಿಯಾಗಿ ಕೂತು ಊಟ ಮಾಡಿದ್ದೂ ಇರಲಿಲ್ಲ. ದಾರಿಯುದ್ದಕ್ಕೂ ಕಿಟಕಿಗೆ ತಲೆ ಬಡಿಯುತ್ತಿದ್ದರೂ ಎಚ್ಚರವಾಗಲಿಲ್ಲ.

ನದಿ ತುಂಬ ಹರಿವಿರಲಿಲ್ಲ. ಬಂಡೆಗಳ ನಡುವೆ ಒಂದು ಕಡೆ ನೀರು ಕೆರೆಯ ಹಾಗೆ ಮಲಗಿತ್ತು. ಎಲ್ಲರೂ ಹುಣಸೆ ಮರದ ಬುಡದಲ್ಲಿ ಚಪ್ಪಲಿ ಬಿಟ್ಟರು. ಕಿತ್ತಳೆ ಬೂಟಿನ ಗೋವಿಂದಮ್ಮ ಮಾತ್ರ ಹಾಗೇ ನಿಂತಳು. ಹೆಂಗಸರ ಕಣ್ಣು ಅವಳ ಕಾಲಿಗೆ ಹೋಗಿ ಬಂತು. ಕಲ್ಯಾಣಿ ಒಬ್ಬೊಬ್ಬರಿಗೂ ಡಾಕ್ಟರ ಮಾತನ್ನು ಒಪ್ಪಿಸಿದಳು. ಒಪ್ಪಿಸಿ ಒಪ್ಪಿಸಿ ಬಾಯಿ ಒಣಗಿತು.

ತೆಪ್ಪ ಹತ್ತುವಾಗ ಗೋವಿಂದಮ್ಮ ಅದರ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಳಗೆ ಕೂತವಳು ಐದು ನಿಮಿಷವೂ ಸುಮ್ಮನಿರದೆ ಅಂಬಿಗನ ಕೈಯಿಂದ ಹುಟ್ಟು ಕಸಿದುಕೊಂಡು, ತೆಪ್ಪವನ್ನು ಗರಗರ ತಿರುಗಿಸಿ, ಹೆಂಗಸರನ್ನೆಲ್ಲ ಕಿರುಚಿಸಿದಳು. ಆಮೇಲೆ ನಿಂತ ನೀರಿನ ಜಾಗದಲ್ಲಿ, ಪಕ್ಕದಲ್ಲಿ ಉಗ್ರಪ್ಪನನ್ನು ಇಟ್ಟುಕೊಂಡು, ಸೀರೆ ಕಚ್ಚೆ ಹಾಕಿ ಇಳಿದಳು. ಜಾರುವ ಪಾಚಿಗಲ್ಲಿನ ಮೇಲೆ ಬೂಟು ಹಿಡಿಯಿತು. ನೀರು ಸೊಂಟಕ್ಕೆ ಬರುತ್ತಿದ್ದಂತೆ ಮುಂದಕ್ಕೆ ಬಾಗಿ ಕೈ ಬೀಸಿದಳು. ಮನೆಯಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಮುದುಕಿ ಅಲ್ಲಿರಲಿಲ್ಲ. ಸದ್ದಿಲ್ಲದೆ, ಅವಸರವಿಲ್ಲದೆ ಬಂಡೆಯವರೆಗೆ ಹೋಗಿ ತಿರುಗಿ ಬಂದಳು. ಬೂಟು ತುಂಬಲಿಲ್ಲ, ಜಾರಲಿಲ್ಲ, ಭಾರವಾಗಲಿಲ್ಲ. ದಡದಲ್ಲಿ ನಿಂತ ಕಲ್ಯಾಣಿಗೆ ಅಳು ಬಂತು. ಇದನ್ನು ನಾನೇ ಮಾಡಿಸಿದ್ದು, ನಾನೇ ಹುಡುಕಿ ತಂದದ್ದು ಎಂದುಕೊಂಡಳು. ಎಷ್ಟೋ ವರ್ಷಗಳಿಂದ ಬಿಗಿದುಕೊಂಡಿದ್ದ ಅವಳ ಭುಜಗಳು ಸಡಿಲವಾದವು.

ಸ್ನಾನವೆಲ್ಲ ಮುಗಿದು, ಬಟ್ಟೆ ಬದಲಾಯಿಸಿ, ಕೊನೆಗೆ ಗಂಗಮ್ಮನಿಗೆ ಆರತಿ. ಹೆಂಗಸರಲ್ಲಿ ಹಿರಿಯಳಾದ ಗೋವಿಂದಮ್ಮನೇ ಆರತಿ ಎತ್ತಿ, ದೊನ್ನೆಯಲ್ಲಿ ದೀಪವಿಟ್ಟು ನೀರಿಗೆ ಬಿಡಬೇಕು. ಕಲ್ಯಾಣಿ ತಟ್ಟೆಗೆ ಅರಿಸಿನ ಕುಂಕುಮ ಇಟ್ಟು, ಗಾಳಿಗೆ ಆರಿಹೋಗುತ್ತಿದ್ದ ಕರ್ಪೂರಕ್ಕೆ ಸೆರಗು ಮರೆ ಮಾಡಿ ಹಚ್ಚಿದಳು. ತಲೆಯೆತ್ತದೆ, ಮನೆಯೊಳಗೂ ಚಪ್ಪಲಿ ಹಾಕಿಕೊಂಡೇ ಓಡಾಡುವ ಅಮ್ಮನಿಗೆ ದೇವರ ಮುಂದೆ ಪ್ರತಿದಿನ ಹೇಳುವ ಹಾಗೆಯೇ, ನಾಲಿಗೆ ತಾನಾಗಿ ಹೇಳಿತು:

"ಕಾಲಲ್ಲಿರೋದು ಬಿಟ್ಟು ಬಾರಮ್ಮ."

ಗೋವಿಂದಮ್ಮ ಮಗಳ ಮುಖವನ್ನು ಒಂದು ಗಳಿಗೆ ನೋಡಿದಳು. ಬಂಡೆಯ ಮೇಲೆ ಕೂತು ಎರಡೂ ಬೂಟು ಬಿಚ್ಚಿದಳು. ಅವನ್ನು ಎತ್ತಿಕೊಂಡು ಹೋಗಿ ಹುಣಸೆ ಮರದ ಬುಡದಲ್ಲಿ ತನ್ನ ಚಪ್ಪಲಿಯ ಪಕ್ಕ ಇಟ್ಟವಳು ಕಲ್ಯಾಣಿಯೇ. ಸುತ್ತ ನಿಂತ ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಆರತಿಗೆ ಕಾಲಲ್ಲಿ ಏನಾದರೂ ಇದ್ದಿದ್ದರೆ ಕಾಣುತ್ತಿತ್ತು.

ಎಲೆ ಹಾಸಿ ಚಿತ್ರಾನ್ನ ಬಡಿಸುವಾಗ ಬಗ್ಗಿದ ಕಲ್ಯಾಣಿಗೆ ಅಮ್ಮನ ಬರಿಯ ಪಾದಗಳು ಕಂಡವು. ಕೈಯಲ್ಲಿದ್ದ ಪಾತ್ರೆಯನ್ನು ಎಲ್ಲಿಟ್ಟಳೋ ಅವಳಿಗೆ ಗೊತ್ತಿಲ್ಲ. ಎಡಗಾಲನ್ನು ಎತ್ತಿ ನೋಡಿದಳು, ಏನಿಲ್ಲ. ಬಲಗಾಲನ್ನು ಎತ್ತಿದಳು. ಹೆಬ್ಬೆರಳ ಕೆಳಗೆ ಉದ್ದಕ್ಕೆ ಬಾಯಿ ಬಿಟ್ಟ ಗಾಯ. ಒಳಗೆ ಮರಳು, ಮರಳಿನ ನಡುವೆ ಹಸಿರು ಗಾಜು. ಪಿಕ್ನಿಕ್ಕಿಗೆ ಬಂದವರು ಯಾರೋ ನೀರಂಚಿನಲ್ಲಿ ಬಾಟಲಿ ಒಡೆದು ಹೋಗಿದ್ದರು. ದೀಪ ಬಿಡಲು ಅಮ್ಮ ನಡೆದ ದಾರಿ ಅದೇ.

"ಏನೇ ಅದು?" ಎಂದಳು ಗೋವಿಂದಮ್ಮ, ಬಾಯಿತುಂಬ ಅನ್ನ ಇಟ್ಟುಕೊಂಡು. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಕಣ್ಣಲ್ಲಿ ಇನ್ನೂ ನದಿಯ ಸಂತೋಷವಿತ್ತು.

ಗಾಯ ತೊಳೆದು, ಬಟ್ಟೆ ಸುತ್ತಿ, ಉಗ್ರಪ್ಪ ವ್ಯಾನನ್ನು ನೇರವಾಗಿ ಆಸ್ಪತ್ರೆಗೆ ಓಡಿಸಿದ. ದಾರಿಯಲ್ಲಿ ಕಲ್ಯಾಣಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: "ನಾನೇ ಬಿಡು ಅಂದೆನಲ್ಲಮ್ಮ. ನಾನೇ ಅಂದೆನಲ್ಲ."

"ನೀನಂದ್ಯಾ? ನಂಗ್ ಕೇಳಿಸ್ಲೇ ಇಲ್ಲ," ಎಂದಳು ಗೋವಿಂದಮ್ಮ.

ವಾರ ಕಳೆಯುವಷ್ಟರಲ್ಲಿ ಗಾಯ ಕಪ್ಪಾಯಿತು. ಹೆಬ್ಬೆರಳು ತೆಗೆಯಲೇಬೇಕು, ಪಾದ ಉಳಿಯುತ್ತದೋ ಇಲ್ಲವೋ ಆಮೇಲೆ ಹೇಳುತ್ತೇನೆ ಎಂದರು ಅನಂತರಾಮು. ಆಪರೇಷನ್ನಿನ ಹಿಂದಿನ ಸಂಜೆ ವೇಣು ಬಂದ. ಆಫೀಸಿನ ಬ್ಯಾಗು ಇನ್ನೂ ಹೆಗಲಲ್ಲಿತ್ತು. ಮಂಚದ ಕಾಲ ದೆಸೆಯಲ್ಲಿ ನಿಂತು, ಪಟ್ಟಿ ಸುತ್ತಿದ ಪಾದವನ್ನು ನೋಡಿ, ತಂಗಿಯ ಕಡೆ ತಿರುಗಿದ.

"ಅಷ್ಟೆಲ್ಲ ಹುಡುಕಿ ಬೂಟು ತಂದಿದೀನಿ ಅಂದಿದ್ಯಲ್ಲ ಕಲ್ಯಾಣಿ. ಮತ್ತೆ ಹೆಂಗಾಯ್ತು ಇದು?"

ಅವಳು ಈ ಪ್ರಶ್ನೆಗೆ ವಾರದಿಂದ ತಯಾರಾಗಿದ್ದಳು. "ಅಣ್ಣ, ನಾನೇ..." ಎಂದು ಶುರು ಮಾಡಿದಳು.

"ನಾನೇ ಕಿತ್ತಾಕ್ದೆ ಕಣೋ," ಎಂದಳು ಗೋವಿಂದಮ್ಮ, ಅವಳ ಮಾತಿನ ಮೇಲೆ ಮಾತು ಹಾಕಿ. "ಇವ್ಳು ಬ್ಯಾಡ ಬ್ಯಾಡ ಅಂತ ಬಡ್ಕಂಡ್ಳು. ನಾನ್ ಯಾವತ್ತು ಇವ್ಳ ಮಾತು ಕೇಳಿವ್ನಿ?"

ಹೊದಿಕೆಯ ಅಡಿಯಲ್ಲಿ ಅವಳ ಕೈ ಕಲ್ಯಾಣಿಯ ಮಣಿಕಟ್ಟನ್ನು ಹಿಡಿದು, ಹುಟ್ಟು ಹಾಕುವ ಹೆಂಗಸಿನ ಬಲದಲ್ಲಿ ಒತ್ತಿತು. ಬಿಡಿಸಿಕೊಂಡು ನಿಜ ಹೇಳಬಹುದಿತ್ತು. ಹೇಳಬೇಕೆಂದೇ ಕಲ್ಯಾಣಿ ಬಾಯಿ ತೆರೆದಳು. ಆದರೆ ಹೇಳಿದ ಮೇಲೆ ಬರುವ ಪ್ರಶ್ನೆಗಳು, ಅವಕ್ಕೆ ಕೊಡಬೇಕಾದ ಉತ್ತರಗಳು, ಇನ್ನು ಮುಂದಿನ ಭಾನುವಾರಗಳ ಫೋನುಗಳು ಎಲ್ಲ ಒಟ್ಟಿಗೆ ಎದುರು ಬಂದು ನಿಂತವು. ಅವುಗಳನ್ನು ಹೊರುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಬಾಯಿ ಮುಚ್ಚಿದಳು.

ವೇಣು ಬ್ಯಾಗು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತ. ಬಹಳ ಹೊತ್ತು ತಂಗಿಯನ್ನೇ ನೋಡಿದ. ಅವಳ ನರೆತ ಕೂದಲು, ಕಣ್ಣ ಕೆಳಗಿನ ಕಪ್ಪು ಅವನಿಗೆ ಅವತ್ತೇ ಮೊದಲು ಕಂಡಿರಬೇಕು.

"ನೀನಾದ್ರೂ ಎಷ್ಟು ಅಂತ ಮಾಡ್ತೀಯ," ಎಂದ ಮೆಲ್ಲಗೆ. "ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಎಂದೋ ಕೈ ಚೆಲ್ತಿದ್ದೆ. ಅಮ್ಮನ ಕಾಲು ಇಷ್ಟು ದಿನ ಉಳಿದಿರೋದೇ ನಿನ್ನಿಂದ ಕಲ್ಯಾಣಿ. ಅದು ನಂಗೊತ್ತು."

ವರ್ಷಗಟ್ಟಲೆ ಅವಳು ಕಾದಿದ್ದ ಮಾತು ಅದು. ಅಮ್ಮ ಅವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

"ಹೂಂ ಅಣ್ಣ," ಎಂದಳು ಕಲ್ಯಾಣಿ.